ರಾಣಿಯ ಎಲುಬಿನ ಸುಣ್ಣ

"ಪುರಜನರೇ, ಕಿವಿಗೊಡಿ! ರಾಣಿ ಚಿತ್ರಲದೇವಿಯವರ ಮೈಯಲ್ಲಿ ಹೆಸರಿಲ್ಲದ ಕಾಯಿಲೆ ಹೊಕ್ಕಿದೆ. ಅವರು ಕೇಳುವ ಮೂರು ಒಗಟು ಬಿಡಿಸಿ ಕಾಯಿಲೆ ವಾಸಿಮಾಡಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆ ಅಮಾವಾಸ್ಯೆಯ ದಿನ ಹೋಗುತ್ತದೆ. ಇದು ಅರಸು ವೀರಬಂಕನ ಆಣೆ!"

ಕಡಲ ದಂಡೆಯ ಶಂಖಾಪುರದಲ್ಲಿ ಡಂಗುರದವನು ಹೀಗೆ ಸಾರಿಕೊಂಡು ಹೋದ. ಅರಸನ ಸಿಟ್ಟಿಗೂ ಕಾರಣವಿತ್ತು. ಎರಡು ವರ್ಷದಿಂದ ವೈದ್ಯರು ಕೊಟ್ಟ ಒಂದೊಂದು ಮದ್ದಿಗೂ ರಾಣಿ ಇನ್ನಷ್ಟು ಕುಸಿದಿದ್ದಳು. ನಲವತ್ತೈದರ ಹೆಂಗಸು, ಈಗ ಹಾಸಿಗೆಯಿಂದ ಕಿಟಕಿಯವರೆಗೆ ನಡೆದರೆ ಏದುಸಿರು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಎಲುಬಿನೊಳಗೆ ನೋವು.

ಸಭೆಯಲ್ಲಿ ಪರದೆಯ ಹಿಂದೆ ಮಲಗಿದ್ದ ರಾಣಿ ಮೊದಲ ಒಗಟು ಹೇಳಿದಳು. "ನನ್ನ ಮನೆಯ ಗೋಡೆ ದಿನದಿನಕ್ಕೆ ಟೊಳ್ಳಾಗುತ್ತಿದೆ. ಮನೆಯ ನೀರು ಹೋಗುವ ಕಾಲುವೆಯಲ್ಲಿ ಮಾತ್ರ ಬಿಳಿ ಕಲ್ಲು ಕಟ್ಟುತ್ತಿದೆ. ಈ ಮನೆಗೆ ಸುಣ್ಣ ಸಾಲದಾಗಿದೆಯೋ, ಹೆಚ್ಚಾಗಿದೆಯೋ?"

ಆಸ್ಥಾನವೈದ್ಯ ಮಲ್ಹಣ ಮುಂದೆ ಬಂದ. "ಮನೆಯೆಂದರೆ ದೇಹ, ಗೋಡೆಯೆಂದರೆ ಎಲುಬು. ಸುಣ್ಣ ಸಾಲದು. ಮುತ್ತಿನ ಭಸ್ಮ ಇಮ್ಮಡಿ ಕೊಡಬೇಕು." ಕೊಟ್ಟರು. ನಾಲ್ಕೇ ದಿನಕ್ಕೆ ರಾಣಿಗೆ ವಾಂತಿ ಹತ್ತಿತು, ಪಕ್ಕೆ ಹಿಡಿದುಕೊಂಡು ಚೀರಿದಳು, ಮೂತ್ರದಲ್ಲಿ ಕಲ್ಲು ಬಿತ್ತು. ಮಲ್ಹಣನನ್ನು ಸೆರೆಗೆ ತಳ್ಳಿದರು.

"ಅಂಗಳದ ತುಂಬ ಬಿಸಿಲಿದೆ. ಮನೆಯೊಳಗೆ ಮಾತ್ರ ಬಿಸಿಲಿಗೆ ಬಡತನ. ಯಾಕೆ?" ಇದು ಎರಡನೆಯದು. ಬಿಸಿಲು ಕಾಣದೆ ಬೆಳೆದ ಕೂಸಿನ ಹಾಗೆ ರಾಣಿಯ ಎಲುಬು ಮೆತ್ತಗಾಗಿದೆಯೆಂದು ಮುದಿ ಸೂಲಗಿತ್ತಿ ಹಿಂದೆಯೇ ಹೇಳಿದ್ದಳು. ಪರದೇಶದ ಪಂಡಿತ ಸೋಡ್ಢಳ ಜಂಬದಿಂದ, "ಬಿಸಿಲಿಗೆ ಹಾಕಿದರಾಯಿತು!" ಎಂದ. ಮೂರು ದಿನ ಮಹಡಿಯ ಬಿಸಿಲಲ್ಲಿ ಮಲಗಿಸಿದರು. ಮೂರನೆಯ ದಿನ ರಾಣಿ ಗಂಡನ ಗುರುತು ಹಿಡಿಯಲಿಲ್ಲ. ಸೋಡ್ಢಳನೂ ಸೆರೆ ಸೇರಿದ.

ಮೂರನೆಯ ಒಗಟು ಹೇಳುವಾಗ ಅವಳ ದನಿ ಇಂಗಿಹೋಗಿತ್ತು. "ಮನೆಯಲ್ಲಿ ಯಾರೂ ದುಡಿಯುತ್ತಿಲ್ಲ. ಆದರೂ ಎಲ್ಲರೂ ದಣಿದಿದ್ದಾರೆ. ದಣಿಸುವವನು ಯಾರು? ಎಲ್ಲಿದ್ದಾನೆ?" ಒಬ್ಬ ಮಂತ್ರವಾದಿ, "ಮನಸ್ಸಿನ ಕೊರಗು, ಬೇರೇನೂ ಇಲ್ಲ," ಎಂದ. ರಾಣಿ ಪರದೆಯ ಹಿಂದೆ ಅತ್ತಳು. ಅವನನ್ನೂ ಎಳೆದೊಯ್ದರು. ಅಮಾವಾಸ್ಯೆಗೆ ಹತ್ತೇ ದಿನ ಉಳಿದಿತ್ತು.

ಊರಲ್ಲಿ ಹಬ್ಬಿದ ಒಗಟುಗಳ ಸುದ್ದಿ ಕೇಳಿ ಆಗ ಬಂದವನು ದೂಮ. ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡಿ ಮಾರುವ ಹುಡುಗ. ಅಂಗೈಯೆಲ್ಲ ಬೆಂದು ಬಿರಿದಿತ್ತು.

"ನಿನಗೆ ವೈದ್ಯ ಗೊತ್ತೇನೋ?" ಅರಸ ಕೇಳಿದ.

"ಇಲ್ಲ ಒಡೆಯಾ. ಸುಣ್ಣ ಗೊತ್ತು. ನಮ್ಮವ್ವ ಹೀಗೇ ಸತ್ತಳು, ಅದೂ ಗೊತ್ತು."

ಪರದೆ ಸರಿಯಿತು. "ಹೇಳಪ್ಪ," ಎಂದಳು ರಾಣಿ.

"ಅವ್ವಾ, ಸುಣ್ಣ ಸಾಲದೆಯೂ ಇದೆ, ಹೆಚ್ಚಾಗಿಯೂ ಇದೆ. ಗೋಡೆಯಲ್ಲಿ ಸಾಲದು, ನೆತ್ತರಲ್ಲಿ ಹೆಚ್ಚು. ಯಾವನೋ ಎಲುಬಿನ ಸುಣ್ಣ ಕೆರೆದು ನೆತ್ತರಿಗೆ ಸುರಿಯುತ್ತಿದ್ದಾನೆ. ಅದರ ಮೇಲೆ ಭಸ್ಮ ತಿನ್ನಿಸಿದರೆ ಕಲ್ಲಾಗದೆ ಇನ್ನೇನಾದೀತು? ಬಿಸಿಲಿನ ಬಡತನವೂ ಅವನದೇ ಕೆಲಸ, ಮೈಗೆ ಬಿದ್ದ ಬಿಸಿಲನ್ನೆಲ್ಲ ಸೌದೆಯಂತೆ ಉರಿಸಿಬಿಡುತ್ತಾನೆ. ಸುಣ್ಣ ಸುಡುವ ಗೂಡಿನ ಉರಿ ಆರಿಸುವವರಿಲ್ಲದಿದ್ದರೆ ಸೌದೆ ರಾಶಿ ಕರಗುತ್ತದೆ. ಸೌದೆ ಕಮ್ಮಿಯಾಯಿತೆಂದು ಒಮ್ಮೆಗೇ ತಂದು ಸುರಿದರೆ ಉರಿಯೇ ಹೆಚ್ಚುತ್ತದೆ. ಮನೆಯವರನ್ನೆಲ್ಲ ದಣಿಸುವವನೂ ಅವನೇ."

"ಅವನು ಎಲ್ಲಿದ್ದಾನೆ?" ಅರಸ ಎದ್ದು ನಿಂತ.

ದೂಮ ತನ್ನ ಕೊರಳ ಮೇಲೆ ಬೆರಳಿಟ್ಟ. "ನಮ್ಮವ್ವನೂ ದಿನವೆಲ್ಲ ಮಲಗಿರುತ್ತಿದ್ದಳು. ಊರವರು ಸೋಮಾರಿ ಅಂದರು. ನಾನೂ ಅಂದೆ. ಸತ್ತಮೇಲೆ ಮೀಯಿಸುವಾಗ ಕೊರಳಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ಅಪ್ಪಣೆಯಾದರೆ ಮುಟ್ಟಿ ನೋಡುತ್ತೇನೆ. ಇಲ್ಲದಿದ್ದರೆ ನನ್ನ ತಲೆ ತೆಗೆಯಿರಿ."

ಸುಣ್ಣ ಸುಡುವವನು ರಾಣಿಯ ಕೊರಳು ಮುಟ್ಟುವುದೇ! ಸಭೆ ಗುಜುಗುಟ್ಟಿತು. ರಾಣಿ ತಾನೇ ಕೊರಳ ಸರ ತೆಗೆದಿಟ್ಟಳು. ದೂಮ ಮೆಲ್ಲಗೆ ತಡವಿದ. ಬಲಗಡೆ ಏನೂ ಇಲ್ಲ. ಎಡಗಡೆಯೂ ಇಲ್ಲ. ಭಟನ ಕೈ ಕತ್ತಿಯ ಹಿಡಿಗೆ ಹೋಯಿತು. "ಒಮ್ಮೆ ಉಗುಳು ನುಂಗಿ, ಅವ್ವಾ." ನುಂಗಿದಳು. ಎಡಬದಿಯಲ್ಲಿ, ಆಳದಲ್ಲಿ, ಏನೋ ಬೆರಳಡಿಯಲ್ಲಿ ಜಾರಿತು.

"ಇಲ್ಲಿದ್ದಾನೆ!"

ಯುದ್ಧದ ಗಾಯ ಹೊಲಿಯುವುದರಲ್ಲಿ ನುರಿತ ಮುದುಕ ಕುಪ್ಪಣ್ಣ ಮರುದಿನ ಬೆಳಗ್ಗೆ ಕೊರಳು ಸೀಳಿ ಕೆಂಗಂದಿನ ಗಂಟೊಂದನ್ನು ತೆಗೆದ. ರಾಣಿ ಉಸಿರಾಡಿದಳು. ಅರಮನೆಯೂ ಉಸಿರುಬಿಟ್ಟಿತು.

ಆದರೆ ಎರಡನೆಯ ದಿನ ಮಧ್ಯಾಹ್ನ ಅವಳ ತುಟಿ ಜುಮುಗುಟ್ಟಿತು. ಬೆರಳುಗಳು ಕೊಕ್ಕೆಯಂತೆ ಸೆಟೆದುಕೊಂಡವು. ಅರಸ ದೂಮನ ಜುಟ್ಟು ಹಿಡಿದು ಕತ್ತಿ ಎತ್ತಿದ. "ಕೊಂದೆಯಲ್ಲೋ!"

"ಮುತ್ತಿನ ಭಸ್ಮ ತರಿಸಿ ಒಡೆಯಾ! ಹಾಲಿನಲ್ಲಿ ಕಲಸಿ ಕುಡಿಸಿ, ಬೇಗ!"

"ಅದನ್ನು ತಿನ್ನಿಸಿದ್ದಕ್ಕೇ ಕಲ್ಲಾಯಿತು ಎಂದವನು ನೀನೇ!"

"ಆಗ ಕೊರಳಲ್ಲಿ ಸುಣ್ಣದ ಕಳ್ಳನಿದ್ದ! ಈಗ ಅವನಿಲ್ಲ. ಹಸಿದ ಗೋಡೆ ನೆತ್ತರಿನ ಸುಣ್ಣವನ್ನೆಲ್ಲ ಹೀರುತ್ತಿದೆ. ಒಣಗೋಡೆಗೆ ಸುಣ್ಣ ಬಳಿದಾಗ ಎಷ್ಟು ಕುಡಿಯುತ್ತದೆಂದು ನಾನು ಕಂಡಿದ್ದೇನೆ!"

ಕತ್ತಿ ಮೇಲೆಯೇ ನಿಂತಿತು. ದಾಸಿಯೊಬ್ಬಳು ಅಪ್ಪಣೆಗೆ ಕಾಯದೆ ಓಡಿದಳು. ಚಮಚ ಚಮಚವಾಗಿ ಹಾಲು ಇಳಿಯಿತು. ಬಹಳ ಹೊತ್ತಿನ ಮೇಲೆ ರಾಣಿಯ ಕಿರುಬೆರಳು ಬಿಚ್ಚಿಕೊಂಡಿತು. ಆಮೇಲೆ ಉಳಿದ ಬೆರಳುಗಳು. ಅರಸ ಕತ್ತಿ ಕೆಳಗಿಟ್ಟು ನೆಲದ ಮೇಲೆಯೇ ಕುಳಿತುಬಿಟ್ಟ.

"ಏನು ಬೇಕು, ಕೇಳು," ಎಂದ.

"ಆ ಮೂವರನ್ನು ಬಿಡಿ ಒಡೆಯಾ. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನಮ್ಮವ್ವನ ವಿಷಯದಲ್ಲಿ ನನಗೂ ಗೊತ್ತಿರಲಿಲ್ಲ."

ಅಮಾವಾಸ್ಯೆಗೆ ಮೊದಲೇ ಸೆರೆಮನೆ ತೆರೆಯಿತು. ಕಡಲ ದಂಡೆಯ ಚಿಪ್ಪಿನ ದಿಬ್ಬಗಳೆಲ್ಲ ದೂಮನ ಹೆಸರಿಗೆ ಬಂದವು. ಆ ದಾನ ಬರೆದ ತಾಮ್ರಪಟವನ್ನು ರಾಣಿಯೇ ಅವನ ಗೂಡಿಗೆ ತಂದುಕೊಟ್ಟಳು, ಮೂರು ತಿಂಗಳ ಮೇಲೆ. ಮರಳಿನ ಮೇಲೆ ಬರಿಗಾಲಲ್ಲಿ ನಡೆದುಬಂದಳು. ಹಿಂದೆ ಬೋವಿಗಳು ಖಾಲಿ ಪಲ್ಲಕ್ಕಿ ಹೊತ್ತು, ಅವಳ ನಡಿಗೆಗೆ ಸಮ ಹಾಕಲಾರದೆ ಏದುತ್ತ ಬರುತ್ತಿದ್ದರು.