ಬಕ ಕೂಗಿದ ನೀರಿನ ಸುದ್ದಿ

ಒಂದು ಕಾಡಿನಲ್ಲಿ ಬಕವೊಂದರ ಗರಿ ಒದ್ದೆಯಾಯಿತು. ಘಟನೆ ನಡೆದದ್ದು ಬೆಳಗಿನ ಉಬ್ಬರದ ಹೊತ್ತಿನಲ್ಲಿ. ಜೀವಹಾನಿಯಾಗಲಿಲ್ಲ. ಆದರೂ ಬಕ ಅದನ್ನು ಮರೆಯಲಿಲ್ಲ.

ಕಾಡು ಪೆಸಿಫಿಕ್ ಸಾಗರದ ಬೆಚ್ಚಗಿನ ದಡದಲ್ಲಿತ್ತು. ಮರಗಳು ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಂತಿದ್ದವು. ಮುಂದೆ ಒಂದು ಸಣ್ಣ ಕೊಲ್ಲಿ. ಬಕ ಅಲ್ಲಿ ಗರಿಯಿಂದ ಮೀನು ಹಿಡಿಯುತ್ತಿತ್ತು. ತನ್ನ ಎದೆಯ ಮೆತ್ತನೆಯ ಗರಿಯೊಂದನ್ನು ನೀರಿನ ಮೇಲೆ ಬಿಡುತ್ತಿತ್ತು. ಕೊಕ್ಕಿನಿಂದ ಅದನ್ನು ಎರಡು ಸಲ ಅಲುಗಿಸುತ್ತಿತ್ತು. ನೊಣ ಬಿತ್ತೆಂದು ಮೀನು ಮೇಲೆ ಬರುತ್ತಿತ್ತು. ಆಮೇಲೆ ಏನಾಯಿತೆಂದು ಯಾವ ಮೀನೂ ಹಿಂದಿರುಗಿ ಹೇಳಿದ್ದಿಲ್ಲ.

ಈ ಕೆಲಸಕ್ಕೆ ನೀರು ತಿಳಿಯಾಗಿರಬೇಕು. ಗಾಳಿ ಬೆನ್ನಿಗಿರಬೇಕು. ನಿಂತವನ ನೆರಳು ನೀರಿಗೆ ಬೀಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಗರಿ ಒಣಗಿರಬೇಕು. ಮುಳುಗಿದ ನೊಣವನ್ನು ನಂಬುವಷ್ಟು ದಡ್ಡ ಮೀನು ಆ ಕೊಲ್ಲಿಯಲ್ಲಿರಲಿಲ್ಲ. ಇದೆಲ್ಲ ಕೂಡಿಬಂದ ಆ ಬೆಳಿಗ್ಗೆಯೇ ಹೆಜ್ಜಾರ್ಲೆ ಆಕಾಶದಿಂದ ದೊಪ್ಪೆಂದು ನೀರಿಗೆ ಬಿತ್ತು. ಕೊಕ್ಕಿನ ಕೆಳಗೆ ಚೀಲ ಹೊತ್ತ ಆ ದೊಡ್ಡ ಹಕ್ಕಿ ಎಬ್ಬಿಸಿದ ಅಲೆ ನೇರವಾಗಿ ಬಂದು ಗರಿಯನ್ನು ಮುಳುಗಿಸಿತು.

"ತಪ್ಪಾಯ್ತು ಬಕಣ್ಣ," ಎಂದಿತು ಹೆಜ್ಜಾರ್ಲೆ. "ಮೀನು ಇಲ್ಲಿತ್ತು. ನಾನೂ ಇಲ್ಲೇ ಬಿದ್ದೆ."

"ಬೀಳೋದಕ್ಕೂ ಒಂದು ರೀತಿ ಇದೆಯಕ್ಕ. ಗುಡ್ಡ ಜರಿದ ಹಾಗೆ ಬಿದ್ದರೆ ಮಿಕ್ಕವರು ಬದುಕೋದು ಹೇಗೆ?"

"ಗೂಡಲ್ಲಿ ಎರಡು ಮರಿ ಬಾಯಿ ಬಿಟ್ಕೊಂಡು ಕೂತಿವೆ. ಚಿಕ್ಕದು ಇನ್ನೂ ಕತ್ತೆತ್ತಿ ನಿಲ್ಲೋದಿಲ್ಲ. ಮೆಲ್ಲಗೆ ಬೀಳೋ ಪುರುಸೊತ್ತು ನನಗೆಲ್ಲಿಂದ ಬರಬೇಕು?"

ಬಕ ಗರಿಯನ್ನು ಒಂದು ಬೇರಿನ ಮೇಲೆ ಒಣಹಾಕಿತು. ಹೆಜ್ಜಾರ್ಲೆಗಳು ಇಲ್ಲದಿದ್ದರೆ ಈ ನೀರು ಎಷ್ಟು ಚೆನ್ನಾಗಿರುತ್ತದೆ ಎಂದು ಯೋಚಿಸಿತು.

ಹೆಜ್ಜಾರ್ಲೆಗಳ ಗೂಡುಗಳು ಪಕ್ಕದ ಗುಡ್ಡದ ಮೇಲಿದ್ದವು. ಅಲ್ಲಿಂದ ನೀರು ಕಾಣುತ್ತಿತ್ತು. ನೀರಿನೊಳಗೆ ಏನಿದೆಯೆಂದು ಕಾಣುತ್ತಿರಲಿಲ್ಲ. ಮರಿಗಳನ್ನು ಬಿಟ್ಟು ಸುಮ್ಮನೆ ಇಳಿಯುವ ಹಾಗಿರಲಿಲ್ಲ, ಮೇಲೆ ಗಿಡುಗ ಸುತ್ತುತ್ತಿತ್ತು. ಅದಕ್ಕೇ ಅಲ್ಲೊಂದು ರೂಢಿಯಿತ್ತು. ಎಲ್ಲರಿಗಿಂತ ಮೊದಲು ನೀರಿಗೆ ಇಳಿದವರು ನೀರಿನ ಸುದ್ದಿಯನ್ನು ಕೂಗಿ ಹೇಳಬೇಕು. ಮೊದಲು ಇಳಿಯುತ್ತಿದ್ದದ್ದು ಬಕ. ಅದರ ಮಾತನ್ನು ಈವರೆಗೆ ಯಾರೂ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಲು ಕೆಳಗಿಳಿಯಬೇಕಿತ್ತು. ಇಳಿಯುವುದಾದರೆ ಸುದ್ದಿ ಯಾಕೆ?

ಮರುದಿನ ಬೆಳಿಗ್ಗೆ ಗುಡ್ಡದಿಂದ ಕೂಗು ಬಂತು. "ಬಕಣ್ಣ, ನೀರು ಹೇಗಿದೆ?"

"ಕೆಟ್ಟಿದೆಯಕ್ಕ! ಹೊಳೆಯ ಕೆಸರೆಲ್ಲ ಬಂದು ಸೇರಿದೆ. ನನ್ನ ಕಾಲೇ ನನಗೆ ಕಾಣ್ತಿಲ್ಲ!"

ಬೇರಿನ ಸಂದಿಯಲ್ಲಿ ಒಂದು ಏಡಿ ಕಣ್ಣು ಮಾತ್ರ ಹೊರಗಿಟ್ಟು ಕೂತಿತ್ತು. ಬಕ ಹತ್ತಿರವಿದ್ದಾಗ ಅದು ಅಷ್ಟನ್ನೇ ಹೊರಗಿಡುತ್ತಿತ್ತು.

"ನನಗೆ ಕಾಣ್ತಿದೆಯಲ್ಲ," ಎಂದಿತು ಏಡಿ. "ಎರಡು ಕಾಲು. ಎಡಗಾಲಿನ ಮೇಲೆ ಒಂದು ಜಿಗಣೆ."

"ಜನ್ಮವಿಡೀ ಅಡ್ಡಡ್ಡ ನಡೆದವನು ನೀನು. ನಿನಗೇಕೆ ನೀರಿನ ವಿಚಾರ?" ಎಂದಿತು ಬಕ.

ಆ ದಿನ ಕೊಲ್ಲಿ ಕನ್ನಡಿಯಂತಿತ್ತು. ಗರಿ ಬಿಟ್ಟಲ್ಲೇ ನಿಂತಿತು. ಬಕ ಹನ್ನೊಂದು ಮೀನು ಹಿಡಿಯಿತು. ಗುಡ್ಡದ ಮೇಲೆ ಹೆಜ್ಜಾರ್ಲೆ ತನ್ನ ಹೊಟ್ಟೆಯಲ್ಲಿ ಉಳಿದಿದ್ದನ್ನು ಕಕ್ಕಿ ಮರಿಗಳಿಗೆ ಕೊಟ್ಟಿತು.

ಎರಡನೆಯ ದಿನವೂ ಬಕ ಕೆಸರೆಂದೇ ಕೂಗಿತು. ಗಾಳಿಯೂ ಕೆಟ್ಟಿದೆ ಎಂದು ಸೇರಿಸಿತು. ನೀರು ಹಿಂದಿನ ದಿನಕ್ಕಿಂತ ತಿಳಿಯಾಗಿತ್ತು. ಸಿಕ್ಕಿದ್ದು ನಾಲ್ಕು ಮೀನು. ಮೇಲೆ ದೊಡ್ಡ ಮರಿ ಅಳುತ್ತಿತ್ತು. ಚಿಕ್ಕದು ಅಳುವುದನ್ನೂ ನಿಲ್ಲಿಸಿತ್ತು.

ಮೂರನೆಯ ದಿನವೂ ಅದೇ ಕೂಗು. ಆದರೆ ಒಂದು ಮೀನೂ ಬರಲಿಲ್ಲ. ಬಕ ಗರಿ ಬದಲಿಸಿತು. ಜಾಗ ಬದಲಿಸಿತು. ಚಂದ್ರನ ಮೇಲೆ ತಪ್ಪು ಹೊರಿಸಿತು.

"ಎಲ್ಲ ಸರಿಯಿದೆ! ನೀರು ಸರಿ, ಗಾಳಿ ಸರಿ, ಬಿಸಿಲು ಸರಿ," ಎಂದು ಗೊಣಗಿತು. "ಮೀನಿಗೇನು ಬಂತು?"

"ಮೀನಿಗೇನೂ ಬಂದಿಲ್ಲ," ಎಂದಿತು ಏಡಿ. "ಆಳದಲ್ಲಿ ಹಾಯಾಗಿವೆ. ಹೆಜ್ಜಾರ್ಲೆಗಳು ಮೇಲಿಂದ ಬಿದ್ದಾಗ ಜೀವ ಉಳಿಸಿಕೊಳ್ಳೋಕೆ ಈ ಬೇರುಗಳ ಕಡೆಗೆ ಓಡಿಬರ್ತಿದ್ದವು. ನೀನು ಇಲ್ಲಿ ನಿಂತಿರ್ತಿದ್ದೆ. ಈಗ ಓಡಿಸೋರಿಲ್ಲ. ನಿನ್ನ ಗರಿ ನೋಡೋಕೆ ಅಂತಲೇ ಅವು ಅಷ್ಟು ದೂರ ಬರಬೇಕೇ?"

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ನೀರಿನ ವಿಚಾರ ನಿನಗೇಕೆ ಅಂದಿಯಲ್ಲ."

ಅಷ್ಟರಲ್ಲಿ ತಲೆಯ ಮೇಲಿನ ಕೊಂಬೆ ಬಾಗಿತು. ಹೆಜ್ಜಾರ್ಲೆ ಬಂದು ಕೂತಿತ್ತು. ಚಿಕ್ಕ ಮರಿ ಸಂಜೆಯವರೆಗೆ ಉಳಿಯುವುದಿಲ್ಲ ಎಂದು ಅದಕ್ಕೆ ಗೊತ್ತಾಗಿತ್ತು. ಮರಿಗಳನ್ನು ಪಕ್ಕದ ಗೂಡಿನವಳ ರೆಕ್ಕೆಗೆ ಒಪ್ಪಿಸಿ, ಕೆಸರಾದರೂ ಸರಿ ಎಂದು ಇಳಿದುಬಂದಿತ್ತು.

"ಬಕಣ್ಣ, ನೀರು ಹೇಗಿದೆ?" ಎಂದು ಮೆಲ್ಲಗೆ ಕೇಳಿತು.

ಬಕ ತಲೆ ಎತ್ತಲಿಲ್ಲ. ಮೂರು ದಿನದ ಅಭ್ಯಾಸ ಬಾಯಿಗೆ ಬಂದುಬಿಟ್ಟಿತು. "ಬರೀ ಕೆಸರು, ಅಕ್ಕ."

"ಹೌದೇ? ಇಲ್ಲಿಂದ ನಿನ್ನ ಕಾಲುಗುರು ಎಣಿಸಬಹುದು."

ಬಕ ಆಗ ತಲೆ ಎತ್ತಿತು.

"ನನ್ನ ಮರಿ ಸಾಯ್ತಿತ್ತು, ಬಕಣ್ಣ," ಎಂದಿತು ಹೆಜ್ಜಾರ್ಲೆ. ಅಷ್ಟೇ ಹೇಳಿತು. ಜಗಳಕ್ಕೆ ನಿಲ್ಲದೆ ಆಳದ ನೀರಿನ ಕಡೆಗೆ ಹಾರಿ, ಒಮ್ಮೆ ಬಿದ್ದು, ಚೀಲ ತುಂಬಿಕೊಂಡು ಗುಡ್ಡಕ್ಕೆ ಹೋಯಿತು.

ಅಂದು ಸಂಜೆ ಗುಡ್ಡದ ಹಕ್ಕಿಗಳೆಲ್ಲ ಸೇರಿ ಮಾತಾಡಿದವು. ಗುಡ್ಡದ ಆಚೆ ಬದಿಗೆ ಇನ್ನೊಂದು ಕೊಲ್ಲಿಯಿತ್ತು. ಅಲ್ಲಿ ಅಲೆ ಜೋರು, ಬಂಡೆ ಜಾಸ್ತಿ. ಆದರೆ ಗೂಡಿನಲ್ಲಿ ಕೂತೇ ತಳದವರೆಗೆ ನೋಡಬಹುದಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಇನ್ನು ಮೇಲೆ ಅಲ್ಲೇ ಮೀನು ಹಿಡಿಯುವುದೆಂದು ತೀರ್ಮಾನವಾಯಿತು.

ನಾಲ್ಕನೆಯ ಬೆಳಿಗ್ಗೆ ಗುಡ್ಡದಿಂದ ಪ್ರಶ್ನೆ ಬರಲಿಲ್ಲ. ಬಕವೇ ಕೂಗಿತು. "ಅಕ್ಕಾ! ನೀರು ಚೆನ್ನಾಗಿದೆ! ಇಂಥ ನೀರು ವರ್ಷಕ್ಕೊಮ್ಮೆ! ಬನ್ನಿ, ಎಲ್ಲರೂ ಬನ್ನಿ! ಎಷ್ಟು ಜೋರಾಗಿ ಬಿದ್ದರೂ ನನಗೇನೂ ತೊಂದರೆಯಿಲ್ಲ!"

ಗುಡ್ಡದಿಂದ ಉತ್ತರ ಬಂತು. "ಇರಬಹುದು, ಬಕಣ್ಣ."

ಯಾರೂ ಇಳಿಯಲಿಲ್ಲ. ಬಕ ಅಂದು ನಿಜವನ್ನೇ ಹೇಳಿತ್ತು. ಅದಕ್ಕೆ ಸಾಕ್ಷಿಯಾಗಿ ಏಡಿಯಿತ್ತು, ಆದರೆ ಏಡಿಯನ್ನು ಯಾರೂ ಕೇಳಲಿಲ್ಲ.

ಬಕ ಇನ್ನೂ ಆರು ದಿನ ತಿಳಿನೀರಿನಲ್ಲಿ ನಿಂತಿತು. ಏಳನೆಯ ದಿನ ಕೊಲ್ಲಿ ಬಿಟ್ಟು ಒಳಗಿನ ಒಂದು ಜೌಗಿಗೆ ಹೋಯಿತು. ಅಲ್ಲಿ ಕಪ್ಪೆ ಸಿಗುತ್ತವೆ. ಹೆಜ್ಜಾರ್ಲೆಯ ಎರಡೂ ಮರಿಗಳು ಬದುಕಿದವು. ಚಿಕ್ಕದು ಎರಡು ತಿಂಗಳ ನಂತರ ಹಾರಿತು.

ನೀತಿ: ನೆರೆಯವರನ್ನು ಸುಳ್ಳು ಹೇಳಿ ದೂರವಿಟ್ಟವನು, ಅವರಿಂದ ತನಗೆ ಬರುತ್ತಿದ್ದ ಅನ್ನವನ್ನೂ ದೂರವಿಡುತ್ತಾನೆ.