ಕರುವನ್ನು ಒದೆದ ಆಕಳು

ಪೂಜ್ಯ ಮುರಿಗಯ್ಯಜ್ಜನವರಿಗೆ ಮಠದ ಗದ್ದುಗೆಗಿಂತ ದನದ ಕೊಟ್ಟಿಗೆಯೇ ಪ್ರಿಯವಾಗಿತ್ತು. ದರ್ಶನಕ್ಕೆ ಬಂದವರನ್ನು ಸಗಣಿ ಬಾಚುತ್ತಲೇ ಹರಸುತ್ತಿದ್ದರು. ಹಾಯುವ, ಒದೆಯುವ ದನಗಳನ್ನು ತಂದು ಮಠಕ್ಕೆ ಬಿಡುವುದು ಆ ಸೀಮೆಯ ರೂಢಿ. ಮನೆಯ ಪೀಡೆಯೂ ಕಳೆಯಿತು, ಗೋದಾನದ ಪುಣ್ಯವೂ ಬಂತು! ಪೂಜ್ಯರು ಮಾತ್ರ ಒಂದನ್ನೂ ಬೇಡವೆಂದವರಲ್ಲ.

ಒಂದು ಬೆಳಿಗ್ಗೆ ಫಕೀರಪ್ಪನೆಂಬ ರೈತ ಬಂಡಿಯ ಹಿಂದೆ ಆಕಳು ಕಟ್ಟಿಕೊಂಡು ಬಂದ. ಬಂಡಿಯೊಳಗೆ ಅವನ ಹೆಂಡತಿ ನೀಲವ್ವ ಸೆರಗು ಹೊದ್ದು ಮುದುಡಿ ಕುಳಿತಿದ್ದಳು.

"ಅಜ್ಜಾರ, ಈ ಆಕಳ ಕರಾನ್ನ ಹತ್ರ ಬಿಟ್ಕೊಳವಲ್ದು, ಒದೀತೈತಿ. ಮಠಕ್ಕ ಇರ್ಲಿ. ಈಕೀದೂ ಅದ ಹಾಡ್ರಿ. ಹಡೆದ ಕೂಸು ಮೊಲಿಗೆ ಬಂದ್ರ ನೂಕ್ತಾಳ, ಕೇಳಿದ್ರ ಮೈಮ್ಯಾಲೆ ಬರ್ತಾಳ. ಗಾಳಿ ಹಿಡದೈತಿ ಅಂತ ತಾಯಿತ ಕಟ್ಟಿಸಿದ್ವಿ, ಏನೂ ಆಗ್ಲಿಲ್ಲ. ಇವತ್ತ ತವರಿಗೆ ಬಿಟ್ಟು ಬರ್ತೀನಿ. ಕೂಸು ನಮ್ಮವ್ವನ ಹತ್ರ ಇರ್ತೈತಿ."

ಪೂಜ್ಯರು ಆಕಳ ಕೆಚ್ಚಲಿಗೆ ಕೈಹಾಕಿದರು. ಅದು ಝಾಡಿಸಿ ಒದೆಯಿತು. ಮೊಣಕಾಲು ತರಚಿ ರಕ್ತ ಬಂತು. ಮತ್ತೆ ಕೈಹಾಕಿದರು, ಮತ್ತೆ ಒದೆ. ಅವರು ಹಿಡಿದ ಪಟ್ಟು ಬಿಡುವವರೇ? ಕೊನೆಗೆ ಫಕೀರಪ್ಪನ ಕೈಯನ್ನೇ ಎಳೆದು ಕೆಚ್ಚಲ ಮೇಲಿಟ್ಟರು. ಅದು ಬಾತು ಗಟ್ಟಿಯಾಗಿ, ಕೆಂಡದಂತೆ ಕಾದಿತ್ತು.

"ಒದ್ದದ್ದು ಆಕಳ ಅಲ್ಲೋ ತಮ್ಮಾ, ಅದರ ಬ್ಯಾನಿ."

ಅಷ್ಟೇ ಮಾತು. ಬಂಡಿಯೊಳಗಿಂದ ಬಿಕ್ಕುವ ಸದ್ದು ಕೇಳಿತು.

"ಯಜ್ಜಾ, ನನಗೂ ಹಂಗ ಆಗೇತ್ರಿ. ಗಂಡಸರ ಮುಂದ ಹೆಂಗ ಹೇಳ್ಲಿ? ಅತ್ತಿ ಮುಂದ ಹೇಳಿದ್ರ ಸೋಗು ಅಂದ್ಲು."

ಪೂಜ್ಯರು ದಾಸೋಹದಲ್ಲಿ ಅಡಿಗೆ ಮಾಡುವ ಗೌರಮ್ಮನನ್ನು ಕರೆಸಿದರು. ಆ ಮುದುಕಿ ಬಂಡಿ ಹತ್ತಿ ನೋಡಿ, ಇಳಿದವಳೇ ಫಕೀರಪ್ಪನ ಮೇಲೆ ಹರಿಹಾಯ್ದಳು. "ಎದಿ ಬಾತು ಕೀವು ತುಂಬೇತಿ, ಜ್ವರದಾಗ ಮೈ ಸುಡಾಕತ್ತೈತಿ. ದವಾಖಾನಿ ಬಿಟ್ಟು ತವರಿಗೆ ಹೊಂಟೀಯೇನೋ?"

ಫಕೀರಪ್ಪ ಪೂಜ್ಯರ ಪಾದದ ಮೇಲೆ ಬಿದ್ದ. ಅವರಿಗೆ ನಮಸ್ಕಾರ ಸ್ವೀಕರಿಸುವ ವ್ಯವಧಾನವಿರಲಿಲ್ಲ. "ಏಳು, ಬಂಡಿ ಹೊಡಿ. ಆಕಳಾನ್ನ ನಾ ನೋಡ್ಕೋತೀನಿ. ಗುಣ ಆದ ಮ್ಯಾಲೆ ಬಂದು ಒಯ್ಯಿ."

ಬಂಡಿ ಪೇಟೆಯ ಹಾದಿಗೆ ತಿರುಗಿತು. ದವಾಖಾನೆಯಲ್ಲಿ ಬಾವು ಕೊಯ್ದು ಜ್ವರ ಇಳಿದದ್ದೇ ತಡ, ಫಕೀರಪ್ಪ ಊರಿಗೆ ಧಾವಿಸಿ, ತಾಯಿ ಎಷ್ಟು ಬೇಡವೆಂದರೂ ಕೇಳದೆ ಕೂಸನ್ನೆತ್ತಿ ತಂದು ನೀಲವ್ವನ ಮಡಿಲಿಗೆ ಹಾಕಿದ. ಕೂಸು ನೋವಿಲ್ಲದ ಇನ್ನೊಂದು ಎದೆಗೆ ಬಾಯಿಹಾಕಿತು. ಅವಳು ನೂಕಲಿಲ್ಲ. ಆ ಒರಟು ಮನುಷ್ಯ ಗೋಡೆಗೆ ಮುಖಮಾಡಿ ನಿಂತು ಅತ್ತುಬಿಟ್ಟ.