ಟ್ರೇಲರಿನ ನಿಷ್ಠಾವಂತ ಕಾವಲುಗಾರ

ಕಬ್ಬು ಸಾಗಿಸುವ ಟ್ರೇಲರ್ ಕಳುವಾಗಬಾರದೆಂದು ಸಂಗನಬಸಪ್ಪ ತನ್ನ ನಾಯಿಯನ್ನು ಅದಕ್ಕೆ ಕಟ್ಟಿ ಸಂತೆಗೆ ಹೋದ. ಮಧ್ಯಾಹ್ನ ಕಳ್ಳನೊಬ್ಬ ಟ್ರ್ಯಾಕ್ಟರ್ ತಂದು ಟ್ರೇಲರನ್ನು ಕೊಕ್ಕೆಗೆ ಸಿಕ್ಕಿಸಿದ. ನಾಯಿ ಬೊಗಳಿತು. ಕಳ್ಳ ಅದಕ್ಕೊಂದು ರೊಟ್ಟಿ ಕೊಟ್ಟು, ಎತ್ತಿ ಟ್ರೇಲರಿನೊಳಗೆ ಕೂರಿಸಿಕೊಂಡು ಹೊರಟ.

"ಅಯ್ಯಾ, ನನ್ನನ್ನು ಕದಿಯುತ್ತಿದ್ದಾರೆ," ಎಂದಿತು ಟ್ರೇಲರ್.

"ಗಾಬರಿಯಾಗಬೇಡ, ನಾನು ಜೊತೆಗೇ ಇದ್ದೇನಲ್ಲ," ಎಂದಿತು ನಾಯಿ, ರೊಟ್ಟಿ ಅಗಿಯುತ್ತ.

ಎಂಟು ದಿನ ಹುಡುಕಿದ ಸಂಗನಬಸಪ್ಪ ಕೊನೆಗೆ ಕಳ್ಳನ ಹಿತ್ತಲಿಗೆ ಬಂದ. ಟ್ರೇಲರಿಗೆ ಹೋದ ಜೀವ ಬಂದಂತಾಯಿತು. ನಾಯಿ ಮಾತ್ರ ಗುರ್ರೆಂದು ಅವನ ಧೋತರ ಕಚ್ಚಿ ಹಿಡಿಯಿತು.

"ಇವರು ನಮ್ಮ ಯಜಮಾನರು. ಗುರುತು ಸಿಗಲಿಲ್ಲವೇ?" ಎಂದು ಟ್ರೇಲರ್ ಕೇಳಿತು.

"ಚೆನ್ನಾಗಿ ಸಿಕ್ಕಿತು," ಎಂದಿತು ನಾಯಿ. "ಯಾರೇ ಬಂದರೂ ಟ್ರೇಲರ್ ಬಿಟ್ಟುಕೊಡಬೇಡ ಎಂದು ನನಗೆ ಅಪ್ಪಣೆ ಮಾಡಿದವರೇ ಇವರು."